ಉಪ್ಪಿಟ್ಟಿನ ಬಟ್ಟಲಲ್ಲಿ ಗುಳ್ಳದ ಸಸಿ

ನಮ್ಮ ಸೋದರಮಾವನ ಕೈಗೆ ಮಣ್ಣು ಕೊಟ್ಟರೆ ಅದನ್ನೂ ಉಪ್ಪಿಟ್ಟು ಮಾಡಿ ತಟ್ಟೆಗೆ ಹಾಕಿಯಾರು! ಉತ್ಪ್ರೇಕ್ಷೆಯಲ್ಲ. ಜನವರಿಯ ಕೊನೆಯ ಭಾನುವಾರ ಘಣಸೋಲಿಯಿಂದ ಡೊಂಬಿವಲಿಯ ಅವರ ಮನೆಗೆ ಹೋಗಿ, ಕಣ್ಣಾರೆ ಕಂಡು, ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ಕಾರಣವೇನೋ ಗಂಭೀರವೇ. ಅತ್ತೆಯ ಅಮ್ಮ ಉಡುಪಿ ಕಡೆ ಪ್ರತಿ ವರ್ಷ ಗುಳ್ಳಬದನೆ ಬೆಳೆಯುತ್ತಿದ್ದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಆಮೇಲೆ ಅತ್ತೆ ಅಮ್ಮನ ಸುದ್ದಿಯನ್ನೇ ಎತ್ತಿರಲಿಲ್ಲ. ಬೇರೆಯವರು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ಆ ಅಮ್ಮ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದ ಒಂದು ಚಿಟಿಕೆ ಬೀಜ ಮಾತ್ರ ಉಳಿದಿತ್ತು. ಅದು ಮೊಳೆಯದಿದ್ದರೆ ಆ ಗುಳ್ಳ ಅಲ್ಲಿಗೇ ಮುಗಿಯಿತು. ಮೊಳೆಸಿಯೇ ತೀರುವೆನೆಂದು ಮಾವ ಹಟ ಹಿಡಿದರು.

ಮಾವ ಕೋಪರಿಯಲ್ಲಿ ಹೋಟೆಲ್ ನಡೆಸಿದವರು. ಕುಂಡ ಬೇಡ, ಮಣ್ಣನ್ನೇ ಅಚ್ಚೊತ್ತಿ ಆ ಹೆಂಟೆಯಲ್ಲೇ ಬೀಜ ಹಾಕಿದರೆ ಸಾಕೆಂದು ಯಾವುದೋ ವಿಡಿಯೊ ನೋಡಿ ಕಲಿತರು. ಅಚ್ಚು ಯಾವುದು? ಹೋಟೆಲಿನಲ್ಲಿ ಉಪ್ಪಿಟ್ಟು ತುಂಬಿ ತಟ್ಟೆಗೆ ಕವುಚುತ್ತಿದ್ದ ಸ್ಟೀಲಿನ ಬಟ್ಟಲು! ತೆಂಗಿನನಾರಿನ ಪುಡಿ, ಗೊಬ್ಬರ, ಮಣ್ಣು ಕಲಸಿ ಮುಷ್ಟಿಯಲ್ಲಿ ಹಿಂಡುವುದು. ಒಂದೆರಡು ಹನಿ ಇಳಿದರೆ ಹದ, ಧಾರೆ ಇಳಿದರೆ "ಥೂ, ನೀರು ಸಾಂಬಾರು!"

"ಮಾವ, ಹೆಂಟೆಗಳ ಮಧ್ಯೆ ಇಷ್ಟು ಜಾಗ ಯಾಕೆ?"

"ಬೇರು ಅಂಚಿಗೆ ಬಂದು ಗಾಳಿ ತಾಗಿದ ಕೂಡ್ಲೆ ನಿಲ್ತದೆ ಮಾರಾಯ್ತಿ. ಫಾಸ್ಟ್ ಲೋಕಲ್ ಟ್ರೈನಿನ ಬಾಗಿಲಲ್ಲಿ ನಿಂತವನ ಹಾಗೆ. ಅವ ಹೊರಗೆ ಕಾಲಿಡ್ತಾನಾ?"

ಮೊದಲ ಪ್ರಯೋಗ ಮೆಂತೆಯದು. ಬೀಜ ಊರಿ ಆದ ಮೇಲೆ ಮಾವನಿಗೆ ಮಣ್ಣಿನ ಹುಳುಗಳ ನೆನಪಾಯಿತು. ಹೋಟೆಲಿನ ಅಭ್ಯಾಸ ಬಿಡುತ್ತದೆಯೇ? ಅಷ್ಟನ್ನೂ ಇಡ್ಲಿ ಪಾತ್ರೆಯಲ್ಲಿಟ್ಟು ಹಬೆ ಕೊಟ್ಟರು! ಹುಳು ಸತ್ತಿರಬಹುದು. ಮೆಂತೆಯಂತೂ ಚೆನ್ನಾಗಿ ಬೆಂದಿತ್ತು.

ಅತ್ತೆ ಮುಚ್ಚಳ ತೆಗೆದು ನೋಡಿದರು. "ಚಟ್ನಿ ಗಟ್ಟಿ ಬೇಕಾ, ನೀರು ಬೇಕಾ?"

"ತಮಾಷೆ ಮಾಡ್ಬೇಡ. ಇದು ಟ್ರಯಲ್."

"ಟ್ರಯಲ್ಲಿಗೆ ನನ್ನ ಪಾತ್ರೆಯೇ ಆಗ್ಬೇಕಾ? ನಾಳೆ ಇಡ್ಲಿ ನಿಮ್ಮ ತಲೆ ಮೇಲೆ ಬೇಯಿಸ್ತೇನೆ!"

ಗುಳ್ಳದ ಸರದಿ ಬಂದಾಗ ಮಾವ ಮೊದಲು ಮಣ್ಣನ್ನು ಬೇಯಿಸಿ, ಆರಿಸಿ, ಆಮೇಲೆ ಒಂದೊಂದು ಹೆಂಟೆಗೆ ಎರಡೆರಡು ಬೀಜ ಹಾಕಿದರು. ಮೇಲಿಂದ ನೀರು ಸುರಿದರೆ ಹೆಂಟೆ ಕುಸಿಯುತ್ತದೆಂದು ತಟ್ಟೆಗೆ ನೀರೆರೆದು ಕೆಳಗಿನಿಂದ ಕುಡಿಸಿದರು. ಗಾಳಿಗೆ ಒಣಗೀತೆಂದು ನಡುಮನೆಯ ಫ್ಯಾನ್ ಬಂದ್. ಬಂದವರು ಬೆವರಿದರೆ ಬೆವರಲಿ!

ದಿನಗಳು ಹೋದವು, ಏನೂ ಇಲ್ಲ. ಮಾವ ಊಟದ ಮಧ್ಯೆ ಎದ್ದೆದ್ದು ನೋಡಿ ಬರುತ್ತಿದ್ದರು. ಕೊನೆಗೆ ಮೊಳೆತದ್ದು ಒಂದೇ ಹೆಂಟೆಯಲ್ಲಿ: ಎರಡು ಸಸಿ, ಒಂದು ದಪ್ಪ, ಇನ್ನೊಂದು ಸಪೂರ.

ಮಾರ್ಚಿನ ಮೊದಲ ಭಾನುವಾರ ನಾನು ಹೋದಾಗ ಮಾವ ಅದರ ಮುಂದೆ ಕತ್ತರಿ ಹಿಡಿದು ಕೂತಿದ್ದರು. ದಪ್ಪದ್ದು ಚೆನ್ನಾಗಿ ಬೆಳೆಯಲು ಸಪೂರದ್ದನ್ನು ಬುಡಕ್ಕೆ ಕತ್ತರಿಸಬೇಕೆಂಬುದು ವಿಡಿಯೊದ ನಿಯಮ. ಆಕಾರ ಕೆಟ್ಟ ವಡೆಯನ್ನು ಮುಲಾಜಿಲ್ಲದೆ ಬದಿಗೆಸೆಯುತ್ತಿದ್ದ ಮನುಷ್ಯನ ಕೈ ಏಳಲೇ ಇಲ್ಲ.

ಅತ್ತೆ ಒಳಗಿಂದ ಬಂದು ಕತ್ತರಿ ಕಸಿದುಕೊಂಡರು. ಚಮಚದ ಹಿಡಿಯಿಂದ ಹೆಂಟೆ ಬಿಡಿಸಿ, ದಂಟು ಮುಟ್ಟದೆ, ಎಲೆಯ ತುದಿ ಹಿಡಿದು, ಸಪೂರದ ಸಸಿಯನ್ನು ಪಕ್ಕದ ಖಾಲಿ ಹೆಂಟೆಯಲ್ಲಿ ಕೂರಿಸಿದರು.

"ಅಮ್ಮ ಸಪೂರದ್ದನ್ನೇ ಬಾವಿಕಟ್ಟೆ ಹತ್ರ ನೆಡ್ತಿದ್ರು," ಎಂದರು. "ಅದಕ್ಕೆ ನೀರು ಜಾಸ್ತಿ ಸಿಗ್ಲಿ ಅಂತ."

ಮಾವ ಯಾರಿಗೂ ಮಾತು ಮುಗಿಸಲು ಬಿಟ್ಟವರಲ್ಲ. ಅಂದು ಮಣ್ಣಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದರು:

"ಹೌದಾ? ಮತ್ತೆ ಎಂತ ಮಾಡ್ತಿದ್ರು?"

ಅತ್ತೆ ಅಲ್ಲೇ, ಅವರ ಪಕ್ಕದಲ್ಲಿ, ನೆಲದ ಮೇಲೆ ಕೂತು ಹೇಳತೊಡಗಿದರು.