ಸಿಎನ್‌ಸಿ ತುರಿಮಣೆ

ಉಳಿದದ್ದನ್ನು ಎಸೆಯಲಾಗದವರ ಪೈಕಿ ನಾನು. ಮುಗಿದ ರೀಫಿಲ್ಲು, ಒಂಟಿ ಕಾಲುಚೀಲ, ಯಾವ ಬೀಗದ್ದೆಂದು ಗೊತ್ತಿಲ್ಲದ ಬೀಗದ ಕೈ, ಎಲ್ಲವೂ ನನ್ನ ಡ್ರಾಯರಿನಲ್ಲಿ ಸುಖವಾಗಿವೆ. ವಡೋದರದ ಹೊರಗೆ ಡೈರಿಗಳಿಗೆ ಹಾಲಿನ ಟ್ಯಾಂಕು ತಯಾರಿಸುವ ಕಾರ್ಖಾನೆಯಲ್ಲಿ ನನಗೆ ವಿನ್ಯಾಸದ ಕೆಲಸ. ಅಲ್ಲಿಗೆ ಹೋದ ವರ್ಷ ಸಿಎನ್‌ಸಿ ಮಿಲ್ಲಿಂಗ್ ಯಂತ್ರ ಬಂತು; ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ಲೋಹವನ್ನು ಹಾಗೆಯೇ ಕೊರೆದುಕೊಡುತ್ತದೆ. ನಮ್ಮ ಸೇಠರು ಮೂಲೆಯಲ್ಲಿ ಬಿದ್ದಿದ್ದ ಸ್ಟೇನ್‌ಲೆಸ್ ಸ್ಟೀಲ್ ಚೂರುಗಳನ್ನು ತೋರಿಸಿ, ಇದರಲ್ಲಿ ಏನಾದರೂ ಮಾಡಿ ಕೈ ಪಳಗಿಸಿಕೊಳ್ಳಿ, ಏನೆಂದು ನೀವೇ ಆರಿಸಿ ಅಂದರು. ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿಲ್ಲ.

ಆರಿಸುವುದರಲ್ಲೇ ಒಂದು ವಾರ ಹೋಯಿತು. ಹೊಸಬರು ಮೊದಲು ಬಾಟಲಿ ಓಪನರ್ ಮಾಡಬೇಕೆಂದು ಅಂತರ್ಜಾಲ ಹೇಳಿತು. ಉತ್ಸಾಹದಿಂದ ಚಿತ್ರ ಬರೆದು ಸೇಠರ ಮುಂದಿಟ್ಟೆ. ಪಾನನಿಷೇಧದ ನಾಡಿನಲ್ಲಿ ಹುಟ್ಟಿ ಬೆಳೆದು, ಬೆಳ್ಳುಳ್ಳಿಯನ್ನೂ ಮುಟ್ಟದ ಅವರು ಕನ್ನಡಕ ಸರಿಮಾಡಿಕೊಂಡು, "ಕೌನ್ ಸೀ ಬಾಟಲ್?" ಎಂದು ಕೇಳಿದರು. ಸೋಡಾದ್ದು ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಚದುರಂಗದ ಕಾಯಿ ಮಾಡೋಣವೆಂದರೆ ಕುದುರೆಯೊಂದಕ್ಕೇ ತಿಂಗಳು ಬೇಕು. ಯಂತ್ರ ನಡೆಸುವ ಭರತ್‌ಭಾಯಿ ಗಣಪತಿ ಮಾಡೋಣ ಅಂದ. ನಾನು ಬರೆದ ಸೊಂಡಿಲು ನೋಡಿದ ಮೇಲೆ ಅವನೇ ಬೇಡವೆಂದ.

ಕೊನೆಗೆ ಸಂಕಟವನ್ನು ಹೆಂಡತಿ ಸುಧಾಳ ಮುಂದೆ ತೋಡಿಕೊಂಡೆ. ಅವಳು ತಿಪಟೂರಿನವಳು, ಬ್ಯಾಂಕಿನ ಅಧಿಕಾರಿ. ಅವಳ ವರ್ಗಾವಣೆಯ ಬಾಲ ಹಿಡಿದೇ ನಾನು ವಡೋದರದ ಅಲ್ಕಾಪುರಿಯ ಈ ಫ್ಲ್ಯಾಟಿಗೆ ಬಂದದ್ದು. ಸಾಮಾನು ಸಾಗಿಸುವಾಗ ಅವಳ ತುರಿಮಣೆ ಕಳೆದುಹೋಗಿ, ಮೂರು ವರ್ಷದಿಂದ ಕಾಯಿಯನ್ನು ಚೂರು ಮಾಡಿ ಮಿಕ್ಸಿಗೆ ಹಾಕುತ್ತಿದ್ದಾಳೆ. ಮಿಕ್ಸಿಯದು ತುರಿಯಲ್ಲ, ಪುಡಿ ಎಂಬುದು ಅವಳ ತೀರ್ಮಾನ.

"ತುರಿಮಣೆ ಮಾಡ್ಕೊಡಿ ಅಂತ ನಾನೇನೂ ಕೇಳ್ತಿಲ್ಲಪ್ಪ," ಅಂದಳು.

ಆ ವಾಕ್ಯದ ಅರ್ಥ ತಿಳಿಯುವಷ್ಟು ವರ್ಷ ಸಂಸಾರ ಮಾಡಿದ್ದೇನೆ. ಮರುದಿನವೇ ತುರಿಮಣೆಯ ಅಲಗಿನ ಚಿತ್ರ ಬರೆದೆ. ಪ್ರತಿ ಹಲ್ಲಿಗೂ ಕೋನ, ಆಳ, ಅಂತರ ಲೆಕ್ಕ ಹಾಕಿದೆ. ಭರತ್‌ಭಾಯಿ ಪರದೆ ನೋಡಿ, "ಸಾಹೇಬ್, ಆ ಶೂ ಛೆ?" ಅಂದ, ಇದೇನು ಅಂತ. ಕಾಯಿ ತುರಿಯುವುದನ್ನು ಕೂತು ಅಭಿನಯಿಸಿ ತೋರಿಸಿದೆ. ಅವನು ಯಾವುದೋ ಯೋಗಾಸನವೆಂದುಕೊಂಡ. ಸ್ಟೀಲು ಹಟಮಾರಿ, ಎರಡು ಕಟ್ಟರ್ ಮುರಿದವು. ಅಂಚನ್ನು ಸ್ವಲ್ಪ ಉಜ್ಜಿ ಮೊಂಡು ಮಾಡಲೇ ಎಂದು ಅವನು ಕೇಳಿದ. ಲೆಕ್ಕ ಹಾಕಿ ತೆಗೆದ ಹರಿತವನ್ನು ಹಾಳುಮಾಡಬೇಡ ಎಂದು ಗದರಿದೆ.

ಭಾನುವಾರ ಅಲಗನ್ನು ಒಂದು ಮರದ ಮಣೆಗೆ ಕೂರಿಸಿದೆ. ಮೊದಲ ಕಾಯಿ ಹೂವಿನ ಹಾಗೆ ಉದುರಿತು. ಅದರ ಜೊತೆಗೆ ಕರಟವೂ ಉದುರಿತು. ಸುಧಾ ಕಾಯಿ ತಿರುಗಿಸುವಷ್ಟರಲ್ಲಿ ಅವಳ ಹೆಬ್ಬೆರಳೂ ಹಲ್ಲಿಗೆ ಸಿಕ್ಕಿತು. ನೀರು, ಅರಿಸಿನ, ಬಟ್ಟೆ ಎಂದು ಓಡಾಡಿದೆ. ಮರುದಿನ ಬ್ಯಾಂಕಿನ ಹಾಜರಿ ಯಂತ್ರ ಅವಳ ಹೆಬ್ಬೆರಳನ್ನು ಗುರುತಿಸಲೇ ಇಲ್ಲ. ಗಂಡ ಏನು ಮಾಡಿದ ಎಂದು ಇಡೀ ಶಾಖೆ ಕೇಳಿತಂತೆ. ತುರಿಮಣೆ ಮಾಡಿದರು ಅಂದಳಂತೆ. ಅದೇನೆಂದು ಅಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲರೂ ನನ್ನ ಬಗ್ಗೆ ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಂಡರು.

ಅಲಗನ್ನು ಬಿಚ್ಚಿಡಲು ಹೋದೆ. ಅವಳು ತಡೆದಳು.

"ಬಿಚ್ಬೇಡಿ. ತುರಿ ಚೆನ್ನಾಗೇ ಬರತ್ತೆ. ನೀವು ತುರೀರಿ, ಅದರ ಲೆಕ್ಕ ನಿಮಗೇ ತಾನೆ ಗೊತ್ತಿರೋದು?"

ಲೆಕ್ಕ ನನ್ನದೇ ಆದ್ದರಿಂದ ಮಣೆಯ ಮೇಲೆ ನಾನೇ ಕೂತೆ. ಅಂದಿನಿಂದ ವಾರಕ್ಕೆ ನಾಲ್ಕು ಕಾಯಿ ತರುತ್ತೇನೆ, ಕೂತು ತುರಿಯುತ್ತೇನೆ. ಇಲ್ಲಿ ತೆಂಗಿನಕಾಯಿ ಹೆಚ್ಚಾಗಿ ಸಿಗುವುದು ದೇವಸ್ಥಾನದ ಮುಂದಿನ ಅಂಗಡಿಯಲ್ಲಿ. ಮೊನ್ನೆ ಅಂಗಡಿಯಾತ ಕೈಮುಗಿದು, ಇಷ್ಟು ನಿಷ್ಠೆಯಿಂದ ಯಾವ ಹರಕೆ ತೀರಿಸುತ್ತಿದ್ದೀರಿ ಎಂದು ಕೇಳಿದ. ಹೆಂಡತಿಯದು ಅಂದೆ. ಅವನಿಗೆ ಭಕ್ತಿ ಉಕ್ಕಿತು. ರಾಶಿಯನ್ನೆಲ್ಲ ತಟ್ಟಿ ತಟ್ಟಿ ನೋಡಿ, ಇದ್ದುದರಲ್ಲೇ ಅತಿ ದೊಡ್ಡ ನಾಲ್ಕನ್ನು ಆರಿಸಿ ನನ್ನ ಚೀಲಕ್ಕೆ ಹಾಕಿದ.