ನಿಮ್ಮ ಅನುಕೂಲ ನೋಡಿಕೊಳ್ಳಿ

ಎನ್‌ಕ್ವೈರಿ ಸಾಹೇಬರ ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಲು ಕಾರಣ ಬೇರೇನೂ ಅಲ್ಲ, ತವರಿಗೆ ಹೇಗೆ ಹೋಗುವುದು ಎಂಬ ಪ್ರಶ್ನೆ. ತವರು ಇದ್ದದ್ದು ಎದುರಿಗೇ, ಕಿಟಕಿ ತೆಗೆದರೆ ಕಾಣುವ ದ್ವೀಪದಲ್ಲಿ. ಲಾಂಚಿನಲ್ಲಿ ಹೋಗಬಹುದು, ಸುತ್ತು ಬಳಸಿ ಸೇತುವೆ ದಾಟುವ ಬಸ್ಸಿನಲ್ಲೂ ಹೋಗಬಹುದು. "ಯಾವುದ್ರಲ್ಲಿ ಹೋಗೋಣ ರೀ?" ಎಂದು ಆಕೆ ಭಾನುವಾರ ಕೇಳಿದಳು. ಸಾಹೇಬರು ಗುರುವಾರದವರೆಗೆ ಯೋಚಿಸಿದರು. ಶುಕ್ರವಾರ ಆಕೆ ಒಬ್ಬಳೇ ಹೊರಟುಹೋದಳು.

ಶನಿವಾರ ಬೆಳಿಗ್ಗೆ ಫೋನು ಬಂತು. "ನೋಡಿ, ಇವತ್ತು ಕತ್ತಲಾಗೋದ್ರೊಳಗೆ ಬಂದು ಕರ್ಕೊಂಡು ಹೋದ್ರೆ ಸರಿ. ಇಲ್ಲಾಂದ್ರೆ ನಾನು ಇಲ್ಲೇ ಇದ್ಬಿಡ್ತೀನಿ, ನೀವು ಅಲ್ಲೇ ಯೋಚ್ನೆ ಮಾಡ್ಕೊಂಡಿರಿ. ಹೇಗೆ ಬರೋದು ಅಂತ ಯಾರನ್ನೂ ಕೇಳ್ಕೂಡ್ದು, ಹೇಳಿದೀನಿ. ಜೀವನದಲ್ಲಿ ಒಂದ್ಸಲ ನೀವೇ ತೀರ್ಮಾನ ಮಾಡಿ."

ತಮಾಷೆ ನೋಡಿ, ಸಾಹೇಬರ ಹೊಟ್ಟೆಪಾಡೇ ದ್ವೀಪಕ್ಕೆ ದಾರಿ ಹೇಳುವುದು. ಲಾಂಚು, ಬಸ್ಸು ಎರಡನ್ನೂ ಓಡಿಸುವ ಕಂಪನಿಯ ಎನ್‌ಕ್ವೈರಿ ಕಿಟಕಿಯಲ್ಲಿ ಕೂತೇ ಅವರ ತಲೆ ನರೆತಿತ್ತು. ಯಾರು ಏನು ಕೇಳಿದರೂ ಒಂದೇ ಉತ್ತರ: "ಎರಡೂ ಚೆನ್ನಾಗಿದೆ. ನಿಮ್ಮ ಅನುಕೂಲ ನೋಡ್ಕೊಳ್ಳಿ." ಧ್ವನಿ ಗಂಭೀರವಾಗಿದೆ ಎಂದು ಕಂಪನಿಯವರು ಪ್ರಕಟಣೆಗಳನ್ನೂ ಇವರಿಂದಲೇ ಓದಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಕೊಟ್ಟದ್ದನ್ನು ಇವರು ಗಡಗಡ ಓದಿ ಎದ್ದುಬರುತ್ತಿದ್ದರು. ಏನು ಓದಿದಿರಿ ಎಂದು ಆಮೇಲೆ ಕೇಳಿದರೆ ದೇವರಾಣೆಗೂ ಗೊತ್ತಿರುತ್ತಿರಲಿಲ್ಲ. ಹಿಂದಿನ ಸಂಜೆಯೂ, ಹೆಂಡತಿ ಹೋದ ಸಂಕಟದಲ್ಲಿ, ಏನೋ ಒಂದನ್ನು ಓದಿ ಬಂದಿದ್ದರು.

ಯಾರನ್ನೂ ಕೇಳಬಾರದೆಂದು ಗಟ್ಟಿ ಮನಸ್ಸು ಮಾಡಿ ಮನೆಗೆ ಬೀಗ ಹಾಕಿದರು. ಮೆಟ್ಟಿಲ ಬುಡದಲ್ಲೇ ಕೆಳಮನೆಯ ಮೇಷ್ಟ್ರು ನಿಂತಿದ್ದರು.

"ಏನ್ ಸಾಹೇಬ್ರೇ, ದ್ವೀಪಕ್ಕಾ? ಲಾಂಚ್ ಮಾತ್ರ ಹತ್ಬೇಡಿ! ನನ್ನ ಭಾವಮೈದ ಒಂದ್ಸಲ ಹತ್ತಿ ಕರುಳೇ ಬಾಯಿಗೆ ಬಂತು. ಈಗ್ಲೂ ಬಕೆಟ್ ನೀರು ನೋಡಿದ್ರೆ ತಲೆ ಸುತ್ತುತ್ತೆ ಅಂತಾನೆ."

"ಹಾಗಿದ್ರೆ ಬಸ್ಸೇ..." ಎನ್ನುವಷ್ಟರಲ್ಲಿ ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು, ಕತ್ತಿ ಹಿಡಿದುಕೊಂಡೇ ಓಡಿಬಂದ.

"ಬಸ್ಸಾ? ಯಾವ ಪುಣ್ಯಾತ್ಮ ಹೇಳಿದ್ದು? ಆ ಬಸ್ಸಲ್ಲಿ ಕುಲುಕಾಡಿ ಕುಲುಕಾಡಿ ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಲಾಂಚಲ್ಲಿ ಗಾಳಿ ಕುಡ್ಕೊಂಡು ರಾಜನ ಹಾಗೆ ಹೋಗಿ ಸ್ವಾಮಿ!"

"ಹೌದೌದು, ರಾಜನ ಹಾಗೆ ವಾಂತಿ ಮಾಡ್ಕೊಂಡು!" ಎಂದರು ಮೇಷ್ಟ್ರು.

ಅರ್ಧ ಗಡ್ಡದ ಗಿರಾಕಿಯೂ ನೊರೆ ಸಮೇತ ಬಂದು, "ಈಜಕ್ಕೆ ಬರುತ್ತಾ ನಿಮ್ಗೆ?" ಎಂದು ಬಹಳ ಕಾಳಜಿಯಿಂದ ಕೇಳಿದ.

ಸಾಹೇಬರು ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದರು. ಮೇಷ್ಟ್ರ ಮುಖ ಅರಳಿತು, ಕ್ಷೌರದವನ ಮುಖ ಬಾಡಿತು. ಪಾಪ ಅನ್ನಿಸಿ ಲಾಂಚು ನಿಲ್ಲುವ ಜೆಟ್ಟಿಯ ಕಡೆ ತಿರುಗಿದರು. ಈಗ ಮೇಷ್ಟ್ರ ಮುಖ ಬಾಡಿತು. ಹೀಗೆ ಮಧ್ಯಾಹ್ನದವರೆಗೂ ಗಾಣದೆತ್ತಿನಂತೆ ಸುತ್ತಿ ಸುತ್ತಿ, ಕೊನೆಗೆ ಜೆಟ್ಟಿಯ ಪಕ್ಕದಲ್ಲಿದ್ದ ತಮ್ಮದೇ ಎನ್‌ಕ್ವೈರಿ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತರು. ಅಂದು ಎಂದೂ ಇಲ್ಲದ ಜನಜಂಗುಳಿ. ತಲೆಯ ಮೇಲೆ ಧ್ವನಿವರ್ಧಕದಲ್ಲಿ ಅವರದೇ ಧ್ವನಿ ಏನೋ ಒದರುತ್ತಿತ್ತು. ದಿನಾ ಕೇಳುವ ರಗಳೆ ಎಂದು ಸಾಹೇಬರು ಕಿವಿ ಮುಚ್ಚಿಕೊಂಡರು.

"ದ್ವೀಪಕ್ಕೆ ಯಾವುದು ಒಳ್ಳೇದು?" ಸರದಿ ಬಂದಾಗ ಪಿಸುಗುಟ್ಟಿದರು.

"ಎರಡೂ ಚೆನ್ನಾಗಿದೆ," ಎಂದ ಅವರ ಬದಲಿಗೆ ಕೂತಿದ್ದ ಸಹೋದ್ಯೋಗಿ, ತಲೆ ಎತ್ತದೆ. "ನಿಮ್ಮ ಅನುಕೂಲ ನೋಡ್ಕೊಳ್ಳಿ."

"ಅಯ್ಯೋ, ನಾನು ಕಣಯ್ಯಾ!"

"ನೀವಾ ಸಾರ್? ಈ ಉತ್ತರ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

"ಬೇಗ ಮುಗ್ಸ್ರೀ!" ಎಂದು ಹಿಂದಿನಿಂದ ಯಾರೋ ನೂಕಿದರು. ಅವರನ್ನು ಇನ್ಯಾರೋ ನೂಕಿದರು. ನೂಕುನುಗ್ಗಲಿನಲ್ಲಿ ಸಾಹೇಬರ ಕಾಲು ನೆಲ ಬಿಟ್ಟಿತು. ಮತ್ತೆ ಕಾಲೂರಿದಾಗ ನೆಲ ತೂಗಾಡುತ್ತಿತ್ತು, ಊರು ಹಿಂದೆ ಹಿಂದೆ ಸರಿಯುತ್ತಿತ್ತು.

"ನಿಲ್ಸಿ! ನಾನಿನ್ನೂ ತೀರ್ಮಾನ ಮಾಡಿಲ್ಲ!"

"ತೀರ್ಮಾನ ಆಗ್ಹೋಯ್ತು, ಕೂತ್ಕೊಳ್ಳಿ," ಎಂದ ಲಾಂಚಿನವನು.

ಹೊತ್ತಿಳಿಯುವಾಗ ತವರಿನ ಬಾಗಿಲಲ್ಲೇ ಹೆಂಡತಿ ತಡೆದಳು. "ಯಾರನ್ನ ಕೇಳ್ಕೊಂಡು ಬಂದ್ರಿ?"

"ಯಾರನ್ನ ಕೇಳೋದು? ಎದ್ದೆ, ಲಾಂಚ್ ಅಂದ್ಕೊಂಡೆ, ಬಂದೆ."

ಆಕೆಯ ಕಣ್ಣು ತುಂಬಿಬಂತು. ಆದರೂ ಒಂದು ಪರೀಕ್ಷೆ ಬಾಕಿ ಇತ್ತು. "ಸರಿ, ವಾಪಸ್ ಹೇಗೆ ಹೋಗೋಣ?"

ಒಳಗಿದ್ದ ಅತ್ತೆ ಬಾಗಿಲಿಗೆ ಬಂದು ಇಣುಕಿದರು.

"ಬಸ್ಸು!" ಎಂದರು ಸಾಹೇಬರು. ಹೇಳಿದ ರಭಸಕ್ಕೆ ತಾವೇ ಬೆಚ್ಚಿಬಿದ್ದರು.

ಅಷ್ಟರಲ್ಲಿ ಜೆಟ್ಟಿಯಿಂದ ಲಾಂಚು ಕೂಗಿತು. "ಕಡೇ ಲಾಂಚು ಹೊರಡ್ತಿದೆ ಅಳಿಯಂದ್ರೇ, ಇನ್ನೊಂದ್ಸಲ ಯೋಚ್ನೆ..." ಎಂದರು ಅತ್ತೆ.

"ಯೋಚ್ನೆ ಗೀಚ್ನೆ ಏನಿಲ್ಲ ಅತ್ತೆ. ಬಸ್ಸು ಅಂದ್ರೆ ಬಸ್ಸು!"

ಹೆಂಡತಿ ಮದುವೆಯ ದಿನವೂ ಅವರನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. ಬ್ಯಾಗನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲೇ ನಡೆದಳು. ಬಸ್‌ಸ್ಟಾಪಿನಲ್ಲಿ ನರಪಿಳ್ಳೆ ಇರಲಿಲ್ಲ.

"ನೋಡ್ದ್ಯಾ? ರಶ್ಶೇ ಇಲ್ಲ. ಆರಾಮಾಗಿ ಕೂತ್ಕೊಂಡು ಹೋಗ್ಬಹುದು," ಎಂದು ಸಾಹೇಬರು ಎದೆಯುಬ್ಬಿಸಿದರು.

ಆಗ ಕಂಬದ ಮೇಲಿನ ಧ್ವನಿವರ್ಧಕ ಕೆಮ್ಮಿತು. "ರೀ, ನಿಮ್ಮ ಧ್ವನಿ!" ಎಂದು ಹೆಂಡತಿ ಹೆಮ್ಮೆಯಿಂದ ಕಿವಿಗೊಟ್ಟಳು.

"ಪ್ರಯಾಣಿಕರ ಗಮನಕ್ಕೆ. ಸೇತುವೆ ದುರಸ್ತಿಯ ಕಾರಣ ಇಂದು ಮಧ್ಯಾಹ್ನದಿಂದ ಬಸ್ಸುಗಳು ಓಡುವುದಿಲ್ಲ. ಎಲ್ಲರೂ ಲಾಂಚಿನಲ್ಲೇ ಪ್ರಯಾಣಿಸಬೇಕಾಗಿ ವಿನಂತಿ. ಹೆಚ್ಚಿನ ಮಾಹಿತಿಗೆ ಎನ್‌ಕ್ವೈರಿ ಕಿಟಕಿಯನ್ನು ಸಂಪರ್ಕಿಸಿ."

ದೂರದಲ್ಲಿ ಕಡೇ ಲಾಂಚು ಚುಕ್ಕಿಯಷ್ಟಾಗಿತ್ತು. ಹೆಂಡತಿ ಬ್ಯಾಗನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಈಗ... ರಾತ್ರಿಗೆ ನಾನು?" ಎಂದರು ಸಾಹೇಬರು.

"ನಮ್ಮಮ್ಮನ ಮನೆ ಜಗಲೀನೂ ಚೆನ್ನಾಗಿದೆ, ಈ ಬೆಂಚೂ ಚೆನ್ನಾಗಿದೆ," ಎಂದಳು ಆಕೆ, ತವರಿನ ಕಡೆ ತಿರುಗಿ. "ನಿಮ್ಮ ಅನುಕೂಲ ನೋಡ್ಕೊಳ್ಳಿ."

ಸಾಹೇಬರು ಬೆಂಚಿನ ಮೇಲೆ ಕೂತು ಯೋಚಿಸತೊಡಗಿದರು.