ಸೋದರಮಾವನ ಕನೆಕ್ಷನ್

ನನ್ನ ಸೋದರಮಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಸದ್ಗುಣವೆಂದು ನೀವು ತಿಳಿದಿದ್ದರೆ, ಅವರು ಕಂಪ್ಯೂಟರಿನ ಮುಂದೆ ಕೂತದ್ದನ್ನು ನೀವು ನೋಡಿಲ್ಲವೆಂದೇ ಅರ್ಥ!

ಮಾವ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕಚೇರಿಯಲ್ಲಿ ಗುಮಾಸ್ತರು. ರೈತರ ಹೆಸರು ಒತ್ತಿದರೆ ಅವರ ಕಾಲುವೆ ನೀರಿನ ಪಾಳಿ ಯಾವ ದಿನವೆಂದು ತೆರೆಯ ಮೇಲೆ ಬರಬೇಕು ಎಂಬ ಹುಚ್ಚು ಅವರಿಗೆ ಹಿಡಿಯಿತು. ಹಿಡಿಸಿದವಳು ಅವರ ತಂಗಿ, ಅಂದರೆ ನನ್ನ ಅವ್ವ. ನಮ್ಮ ಹೊಲ ಕಾಲುವೆಯ ಕೊನೆಗಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವನೇ ಹೊಲ ಮಾಡುತ್ತಿದ್ದಳು. ಅವಳು ಕೇಳಲು ಹೋದಾಗೆಲ್ಲ ತೂಬು ಕಾಯುವ ಲಸ್ಕರ್, “ನಿಮ್ಮ ಪಾಳಿ ಆಗಿ ಹೋಗ್ಯದ ಯವ್ವಾ” ಎನ್ನುತ್ತಿದ್ದ. ಇನ್ನೊಂದು ಪಾಳಿ ತಪ್ಪಿದರೆ ಆ ವರ್ಷದ ಶೇಂಗಾ ಕೈಬಿಟ್ಟಂತೆಯೇ.

ಮಾವ ಪುಸ್ತಕ ನೋಡಿಕೊಂಡು ಕಂಪ್ಯೂಟರಿಗೆ ಕೆಲಸ ಹೇಳುವ ಸ್ಕ್ರಿಪ್ಟ್ ಬರೆದರು. ಅದೋ ರೈತರ ಪಟ್ಟಿಯಿದ್ದ ಡೇಟಾಬೇಸಿನ ಕಡೆ ತಲೆಯೆತ್ತಿಯೂ ನೋಡಲೊಲ್ಲದು! ನಾನು ಇಣುಕಿ ನೋಡಿದೆ. ‘ಲೋಕಲ್‌ಹೋಸ್ಟ್’ ಎಂದಿರಬೇಕಾದ ಕಡೆ ‘ಭೀಮರಾಯನಗುಡಿ’ ಎಂದಿತ್ತು.

“ಮಾಮಾ, ಇಲ್ಲಿ ಊರ ಹೆಸರು ಬರೀಬಾರದ್ರಿ. ಲೋಕಲ್‌ಹೋಸ್ಟ್ ಅಂತ ಹಾಕ್ರಿ.”

“ಡೇಟಾಬೇಸ್ ಎಲ್ಲದ ಅಂತ ಕೇಳ್ಯದ, ಇದ್ದ ಊರು ಹೇಳೀನಿ. ನಿನ್ನ ಲೋಕಲ್‌ಹೋಸ್ಟ್ ಯಾವ ತಾಲೂಕಿನ್ಯಾಗ ಅದ?”

ಇದೇ ಕಂಪ್ಯೂಟರಿಗೆ ಹಾಗೆನ್ನುತ್ತಾರೆ ಎಂದು ಒಪ್ಪಿಸುವಷ್ಟರಲ್ಲಿ ಎರಡು ಚಹಾ ಮುಗಿದವು. ಕನೆಕ್ಷನ್ ಸಿಕ್ಕಿತು. ಮಧ್ಯಾಹ್ನಕ್ಕೆ ಮತ್ತೆ ಕೈಕೊಟ್ಟಿತು. ಕನೆಕ್ಷನ್‌ಗಳು ಮಿತಿ ಮೀರಿವೆಯಂತೆ. ಇದು ಮಾತ್ರ ಮಾವನಿಗೆ ಥಟ್ಟನೆ ತಿಳಿಯಿತು.

“ಮ್ಯಾಲಿನವ್ರು ತೂಬು ತೆಗದು ಮುಚ್ಚದೇ ಹೋಗ್ಯಾರ. ಕೆಳಗಿನವ್ರಿಗೆ ನೀರು ಹ್ಯಾಂಗ ಬರ್ತದ?”

ಮೇಲಿನವರು ಯಾರು? ಬೆಳಗಿನಿಂದ ಗುಂಡಿ ಒತ್ತುತ್ತಿದ್ದವರು ಅವರೊಬ್ಬರೇ! ಒತ್ತಿದ ಪ್ರತಿ ಸಲವೂ ಒಂದೊಂದು ಕನೆಕ್ಷನ್ ತೆರೆದೇ ಉಳಿದಿತ್ತು. ಕೆಲಸ ಮುಗಿದೊಡನೆ ಕನೆಕ್ಷನ್ ಮುಚ್ಚುವ ಒಂದು ಸಾಲನ್ನು ಬೈದುಕೊಳ್ಳುತ್ತಲೇ ಸೇರಿಸಿದರು.

ಮರುದಿನ ಅವ್ವನನ್ನು ಕರೆಸಿ ಅವಳ ಹೆಸರನ್ನೇ ಮೊದಲು ಒತ್ತಿದರು. ‘ಈ ಹೆಸರು ಇಲ್ಲ’ ಎಂದು ಬಂತು. ಪಟ್ಟಿಯಲ್ಲಿದ್ದುದು ಅಪ್ಪನ ಹೆಸರು.

“ಇರಲಿ ಬಿಡಣ್ಣಾ, ಅವರ ಹೆಸರ್ಲೆ ಹುಡುಕು” ಎಂದಳು ಅವ್ವ.

“ಹೊಲ ಯಾರು ಮಾಡಾಕತ್ತಾರ? ಅವನೋ, ನೀನೋ?” ಎಂದು ಗದರಿದ ಮಾವ, ‘ಹೊಲ ಮಾಡುವವರು’ ಎಂಬ ಇನ್ನೊಂದು ಪಟ್ಟಿಯನ್ನೇ ಹುಟ್ಟಿಸಿ, ಸರ್ವೆ ನಂಬರ್ ಹಿಡಿದು ಹಳೆಯದಕ್ಕೆ ಜೋಡಿಸಿದರು. ಈ ಸಲ ಅವ್ವನ ಹೆಸರು ಬಂತು. ಪಕ್ಕದಲ್ಲಿ ಗುರುವಾರ ಎಂದಿತ್ತು. ಮುದ್ರಿಸಿದ ಚೀಟಿಯನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡಳು.

ಗುರುವಾರ ತೂಬಿನ ಬಳಿ ಲಸ್ಕರ್, “ಯಾರ ಪಾಳಿ?” ಎಂದ. ಅಷ್ಟು ವರ್ಷ ಈ ಪ್ರಶ್ನೆಗೆ ‘ನಮ್ಮ ಮನಿಯವರದು’ ಎನ್ನುತ್ತಿದ್ದವಳು ಅವ್ವ. ಅವತ್ತು ಚೀಟಿ ಬಿಚ್ಚಿ ಮುಂದೆ ಹಿಡಿದಳು.

“ನಂದು.”

ಲಸ್ಕರ್ ಚೀಟಿ ಓದಿ ತೂಬು ಎತ್ತಿದ. ಪಕ್ಕದಲ್ಲಿ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ.